ಕಾಕಾನ ಯಾಶಿಕಾ: ತಲೆ ಕತ್ತರಿಸುತ್ತಿದೆ, ನೆಗೆಟಿವ್ ತೆಳುವಾಗುತ್ತಿದೆ

ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಹಳೆ ಬಾಗಲಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಓಣಿ ಮುಳುಗಡೆಯಾದಾಗ ಟ್ರಂಕಿನಲ್ಲಿ ನವನಗರಕ್ಕೆ ಬಂದ ಅವರ ಯಾಶಿಕಾ ಮ್ಯಾಟ್ 124ಜಿ, ಅಂದರೆ ಮೇಲೊಂದು ಕೆಳಗೊಂದು ಲೆನ್ಸ್ ಇರುವ ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾ, ಈಗ ನನ್ನ ಕೈಗೆ ಬಂದಿದೆ. 400 ಐಎಸ್‌ಒ ಕಪ್ಪು ಬಿಳುಪು ಫಿಲ್ಮ್ ಹಾಕಿ ಮನೆಯಲ್ಲಿ ಒಂದು ರೋಲು, ಬಾದಾಮಿಯಲ್ಲಿ ಒಂದು ರೋಲು ತೆಗೆದೆ. ಕಟ್ಟೆಯ ಮೇಲೆ ಕುಳಿತ ಅಜ್ಜಿಯನ್ನು ಮೂರು ಅಡಿ ದೂರದಿಂದ ತೆಗೆದಾಗ, ಮೇಲಿನಿಂದ ಬಗ್ಗಿ ನೋಡುವ ಗಾಜಿನಲ್ಲಿ ಸೆರಗಿನ ಅಂಚಿನವರೆಗೂ ಪೂರ್ತಿ ಕಂಡಿದ್ದ ತಲೆ, ನೆಗೆಟಿವ್‌ನಲ್ಲಿ ಹಣೆಯ ಹತ್ತಿರಕ್ಕೇ ಕತ್ತರಿಸಿಹೋಗಿದೆ. ಬಾದಾಮಿಯ ಚಿತ್ರಗಳಂತೂ ಎಷ್ಟು ತೆಳುವಾಗಿವೆಯೆಂದರೆ ಅವುಗಳ ಮೂಲಕ ಪೇಪರ್ ಓದಬಹುದು, ಮೇಲಾಗಿ ಆ ರೋಲಿನ ಅಂಚಿಗೆ ಕಪ್ಪು ಗೆರೆಗಳೂ ಬಿದ್ದಿವೆ. ಗಡಿಯಾರದ ಅಂಗಡಿಯವರು ಕೊಟ್ಟ 1.5 ವೋಲ್ಟಿನ ಬಟನ್ ಸೆಲ್ ಹಾಕಿದ್ದೇನೆ, ಬೆಳಕು ಅಳೆಯುವ ಮೀಟರಿನ ಮುಳ್ಳು ಆಡುತ್ತದೆ. ಮುಂದಿನ ತಿಂಗಳು ಗೋಳಗುಮ್ಮಟಕ್ಕೆ ಹೋಗುವವನಿದ್ದೇನೆ. ಒಂದು ರೋಲಿಗೆ ಹನ್ನೆರಡೇ ಚಿತ್ರವಾದ್ದರಿಂದ ಇನ್ನೊಂದು ರೋಲು ಹಾಳು ಮಾಡಿಕೊಳ್ಳುವ ಧೈರ್ಯವಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ 1 (ಬೆಳಗಾವಿ)

ಅಜ್ಜಿಯ ತಲೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮದುವೆ ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ನಾನೂ ಒಬ್ಬ ಮದುಮಗನ ಬಾಸಿಂಗವನ್ನು ಹೀಗೆಯೇ ಕಳೆದು, ಬೀಗರಿಂದ ಮಾತು ಕೇಳಿದ್ದೇನೆ. ನೀವು ನೋಡುವುದು ಮೇಲಿನ ಲೆನ್ಸಿನಿಂದ, ಚಿತ್ರ ಬೀಳುವುದು ಅದಕ್ಕಿಂತ ಸುಮಾರು ಐದು ಸೆಂಟಿಮೀಟರ್ ಕೆಳಗಿರುವ ಲೆನ್ಸಿನಿಂದ. ಗುಡಿ, ಗುಡ್ಡ ತೆಗೆಯುವಾಗ ಈ ಅಂತರ ಲೆಕ್ಕಕ್ಕೆ ಬರುವುದಿಲ್ಲ, ಆದರೆ ವಸ್ತು ಮೂರು ನಾಲ್ಕು ಅಡಿಗೆ ಬಂದಾಗ ಗಾಜಿನ ಮೇಲಂಚಿನಲ್ಲಿ ಕಂಡದ್ದು ಫಿಲ್ಮಿಗೆ ಸಿಗುವುದೇ ಇಲ್ಲ. ಇದೇ ಬಗೆಯ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಫೋಕಸ್ ತಿರುಗಿಸಿದಂತೆ ಗಾಜಿನ ಕೆಳಗಿನ ಚೌಕಟ್ಟೂ ಸರಿದು ಇದನ್ನು ಸರಿಪಡಿಸುತ್ತದೆ, ಯಾಶಿಕಾದಲ್ಲಿ ಆ ಏರ್ಪಾಡಿಲ್ಲ. ಸ್ಟ್ಯಾಂಡಿನ ಮೇಲಿದ್ದರೆ ಫೋಕಸ್ ಮಾಡಿದ ಮೇಲೆ ಎರಡು ಲೆನ್ಸುಗಳ ನಡುವಿನ ಅಂತರದಷ್ಟು ಕ್ಯಾಮೆರಾವನ್ನು ಮೇಲೆತ್ತಿ ಬಟನ್ ಒತ್ತಿ. ಮಾಮಿಯಾ ಕ್ಯಾಮೆರಾ ಕಂಪನಿಯವರು ಇದಕ್ಕೆಂದೇ ಪ್ಯಾರಾಮೆಂಡರ್ ಎಂಬ ಸಾಧನವನ್ನೇ ಮಾಡಿದ್ದರು. ಕೈಯಲ್ಲೇ ಹಿಡಿದಿದ್ದರೆ ತಲೆಯ ಮೇಲೆ ನಾಲ್ಕು ಬೆರಳು ಜಾಗ ಬಿಡುವುದು ಸಾಕು.

ಅಂಚಿನ ಕಪ್ಪು ಗೆರೆಗೆ ಕಾರಣ ಬಹುಮಟ್ಟಿಗೆ ಸಡಿಲವಾಗಿ ಸುತ್ತಿದ ರೋಲು. ಫಿಲ್ಮ್ ಹಾಕುವಾಗ ಅದರ ಹಿಂದಿನ ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಗುರುತಿಗೆ ಬರುವವರೆಗೆ ಹೆಬ್ಬೆರಳಿನಿಂದ ರೋಲನ್ನು ಒತ್ತಿ ಹಿಡಿದಿರಬೇಕು, ತೆಗೆದ ಮೇಲೆ ಬಿಗಿಯಾಗಿ ಸುತ್ತಿ ಅಂಟಿಸಬೇಕು. ಇವೆರಡನ್ನೂ ನೆರಳಿನಲ್ಲಿಯೇ ಮಾಡಿ. ಬಾದಾಮಿಯ ಬಿಸಿಲಿನಲ್ಲಿ ನೆರಳು ಸಿಗದಿದ್ದರೆ ಸೂರ್ಯನಿಗೆ ಬೆನ್ನು ತಿರುಗಿಸಿ ನಿಲ್ಲಿ.

ಹಳೆಯ ಸೆಲ್ಫ್ ಟೈಮರನ್ನು ಮುಟ್ಟಲೇಬೇಡಿ, ಅದು ಅರ್ಧಕ್ಕೆ ನಿಂತರೆ ಫಿಲ್ಮಿಗೆ ಬೆಳಕು ಬಿಡುವ ಷಟರೂ ಅದರೊಂದಿಗೆ ಕಚ್ಚಿಕೊಳ್ಳುತ್ತದೆ. ಫಿಲ್ಮ್ ಸುತ್ತುವ ಹಿಡಿಕೆಯನ್ನು, ಅಂದರೆ ಕ್ರ್ಯಾಂಕನ್ನು, ಮುಂದಕ್ಕೆ ನಿಲ್ಲುವವರೆಗೂ ತಿರುಗಿಸಿ, ಹಿಂದಕ್ಕೂ ಪೂರ್ತಿ ತನ್ನಿ. ಷಟರ್ ಸಜ್ಜಾಗುವುದು ಹಿಂದಕ್ಕೆ ಬರುವಾಗಲೇ. ಫಿಲ್ಮ್ ಇಲ್ಲದೆ ಷಟರಿನ ವೇಗವನ್ನು ಒಂದು ಸೆಕೆಂಡಿಗಿಟ್ಟು ಒತ್ತಿ ಕೇಳಿ ನೋಡಿ, ಗರ್ರೆಂದು ಅರ್ಧಕ್ಕೆ ನಿಂತರೆ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ಆಗ ಹೊಲಿಗೆ ಯಂತ್ರದ ಎಣ್ಣೆ ಬಿಡುವ ಆಸೆಯಾಗುತ್ತದೆ. ಬಿಟ್ಟರೆ ಅದು ಷಟರಿನ ಎಲೆಗಳಿಗೆ ಹರಡಿ ಕೆಲಸ ಇನ್ನಷ್ಟು ಕೆಡುತ್ತದೆ.

ಉತ್ತರ 2 (ವಿಜಯಪುರ)

ತೆಳು ನೆಗೆಟಿವ್‌ಗೆ ಆ ಸೆಲ್ಲೇ ಕಾರಣವಿರಬೇಕು. ಆ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದ್ದು. 1.5 ವೋಲ್ಟ್ ಕೊಟ್ಟರೆ ಇರುವುದಕ್ಕಿಂತ ಹೆಚ್ಚು ಬೆಳಕಿದೆಯೆಂದು ಮುಳ್ಳು ತೋರಿಸುತ್ತದೆ, ನೀವು ಅದನ್ನು ನಂಬಿ ಕಡಿಮೆ ಬೆಳಕು ಬಿಡುತ್ತೀರಿ, ನೆಗೆಟಿವ್ ತೆಳುವಾಗುತ್ತದೆ. ನನ್ನ ಮಾತು ಕೇಳುವುದಾದರೆ ಮೀಟರನ್ನೇ ಮರೆತುಬಿಡಿ. ನಮ್ಮ ಭಾಗದ ಬಿಸಿಲಿನಷ್ಟು ನಂಬಿಕಸ್ಥ ಮೀಟರ್ ಬೇರೊಂದಿಲ್ಲ: ನೆರಳು ಕಪ್ಪಗೆ, ಅಂಚು ಹರಿತವಾಗಿ ಬೀಳುವ ಬಿಸಿಲಿನಲ್ಲಿ 400 ಐಎಸ್‌ಒ ಫಿಲ್ಮಿಗೆ ಲೆನ್ಸಿನ ರಂಧ್ರ ಎಫ್16, ಷಟರ್ 1/500 ಸೆಕೆಂಡ್. ತೆಳು ಮೋಡವಿದ್ದರೆ ರಂಧ್ರ ಒಂದು ಹೆಜ್ಜೆ ದೊಡ್ಡದು, ಎಫ್11.

ಗೋಳಗುಮ್ಮಟದ ಹೊರಗಿನ ಚಿತ್ರಕ್ಕೆ ಚೌಕಾಕಾರದ ನೆಗೆಟಿವ್‌ಗಿಂತ ಒಳ್ಳೆಯದು ಬೇರೆ ಇಲ್ಲ, ಏಕೆಂದರೆ ಕಟ್ಟಡವೇ ಒಂದು ಘನ, ಅದರ ಮೇಲೊಂದು ಗುಮ್ಮಟ. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಮೂಲೆಯ ಮಿನಾರುಗಳು ಒಳಮುಖವಾಗಿ ವಾಲುತ್ತವೆ, ಆದ್ದರಿಂದ ಹಿಂದಕ್ಕೆ ಸರಿದು ಕ್ಯಾಮೆರಾವನ್ನು ನೆಟ್ಟಗೆ ಹಿಡಿಯಿರಿ. ಹಳದಿ ಫಿಲ್ಟರ್ ಹಾಕಿ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಬಿಟ್ಟರೆ ಆಕಾಶ ಗಾಢವಾಗುತ್ತದೆ.

ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವುದರಿಂದ ಮೊದಲು ತಲೆ ಕೆಡುತ್ತದೆ. ಕನ್ನಡಿಯ ಮುಂದೆ ನಿಂತು ಬೈತಲೆ ತೆಗೆಯಲು ಯಾರೂ ಲೆಕ್ಕ ಹಾಕುವುದಿಲ್ಲವಷ್ಟೆ, ಇದೂ ಹಾಗೆಯೇ ಕೈಗೆ ಬರುತ್ತದೆ. ಫಿಲ್ಮ್ ಹಾಕದೆ ಎರಡು ದಿನ ಅಂಗಳದಲ್ಲಿ ಓಡಾಡುವ ಕೋಳಿಯನ್ನು ಹಿಂಬಾಲಿಸಿ.

ಉತ್ತರ 3 (ಬಾದಾಮಿ)

ಬಿಸಿಲಿನ ಮಟ್ಟಿಗೆ ವಿಜಯಪುರದ ಸರ್ ಹೇಳಿದ್ದು ಸರಿ, ಆದರೆ ಮೀಟರನ್ನು ಮರೆಯಿರಿ ಎಂಬುದನ್ನು ನಾನು ಒಪ್ಪಲಾರೆ. ನಮ್ಮ ಮೇಣಬಸದಿಗಳು, ಅಂದರೆ ಗುಹಾ ದೇವಾಲಯಗಳು, ಉತ್ತರಕ್ಕೆ ಮುಖ ಮಾಡಿವೆ. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನೆದುರು ನಿಂತರೆ ಬೆನ್ನ ಹಿಂದೆ ಉರಿಬಿಸಿಲು, ಮುಂದೆ ನೆರಳು, ಅಲ್ಲಿ ಕಣ್ಣಂದಾಜು ಸುಲಭವಾಗಿ ಮೋಸಹೋಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್ ಏರ್ ಸೆಲ್ಲನ್ನು ರಬ್ಬರ್ ಉಂಗುರದೊಳಗೆ ಕೂರಿಸಿ ಹಾಕಿದರೆ ಹಳೆಯ ವೋಲ್ಟೇಜಿಗೆ ಹತ್ತಿರವಾಗುತ್ತದೆ. ಬಾಳಿಕೆ ಕಡಿಮೆ, ಬೆಲೆಯೂ ಕಡಿಮೆ. ಮೊಬೈಲಿನ ಮೀಟರ್ ಆ್ಯಪಿನೊಂದಿಗೆ ಒಮ್ಮೆ ತಾಳೆ ನೋಡಿ.

ಗೋಳಗುಮ್ಮಟದ ಒಳಗೆ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಕ್ಯಾಮೆರಾವನ್ನು ಬೆನ್ನಿನ ಮೇಲೆ ನೆಲಕ್ಕೆ ಮಲಗಿಸಿ. ಲೆನ್ಸುಗಳು ಗುಮ್ಮಟವನ್ನು ನೋಡುತ್ತವೆ, ಗಾಜು ಪಕ್ಕಕ್ಕೆ ತಿರುಗಿರುವುದರಿಂದ ನೀವು ಕುಳಿತು ಬಗ್ಗಿ ನೋಡಬಹುದು, ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕದೊಳಗೆ ತಾವಾಗಿ ಕೂಡುತ್ತವೆ. ಫೋಕಸ್ ಅನಂತಕ್ಕಿರಲಿ, ಷಟರ್ ಒತ್ತಿದಷ್ಟು ಹೊತ್ತು ತೆರೆದಿರುವ ಬಿ ಗುರುತಿಗಿರಲಿ, ಕ್ಯಾಮೆರಾ ಅಲುಗದಂತೆ ಬಟನ್ ಒತ್ತುವ ಕೇಬಲ್ ರಿಲೀಸ್ ತಪ್ಪದೆ ಇರಲಿ. ಹೆಚ್ಚು ಹೊತ್ತು ಬೆಳಕು ಬಿಟ್ಟಾಗ ಫಿಲ್ಮಿನ ಸ್ಪಂದನೆ ಮಂದವಾಗುತ್ತದೆ: ಇಲ್ಫೋರ್ಡ್ ಎಚ್‌ಪಿ5 ಫಿಲ್ಮಿಗೆ ಮೀಟರ್ 8 ಸೆಕೆಂಡ್ ಹೇಳಿದರೆ ಸುಮಾರು 15 ಸೆಕೆಂಡ್ ಕೊಡಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ನೆಲದ ಮೇಲಿನ ಕ್ಯಾಮೆರಾಕ್ಕೆ ಯಾರದಾದರೂ ಕಾಲು ತಾಗದೆ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಳೆಯ ಸೆಲ್ ತೆಗೆದಿದ್ದೇನೆ. ಒಂದು ಸೆಕೆಂಡಿನ ಪರೀಕ್ಷೆಯಲ್ಲಿ ಷಟರ್ ಎರಡು ಬಾರಿ ಸರಿಯಾಗಿ ಓಡಿ ಮೂರನೆಯ ಬಾರಿ ಅರ್ಧಕ್ಕೆ ನಿಂತಿತು. ಆದ್ದರಿಂದ ಗುಮ್ಮಟದ ಒಳಗೆ ಬಿ ಗುರುತನ್ನೂ ಹೊರಗೆ 1/500 ಅನ್ನೂ ಮಾತ್ರ ಬಳಸುತ್ತೇನೆ. ಎಣ್ಣೆಯ ಡಬ್ಬಿಯನ್ನು ಅಜ್ಜಿಗೇ ಹಿಂದಿರುಗಿಸಿದ್ದೇನೆ.