ಪುಟ್ಟಿ, ಭಾನುವಾರ ಚಿನ್ನುವನ್ನು ರಿಂಗಿಗೆ ಹತ್ತಿಸಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಮಂಗಳವಾರ ಬಾಕ್ಸಿಂಗ್ ಪ್ರಾಕ್ಟೀಸ್‌ನಲ್ಲಿ ಚಿನ್ನು ತಲೆಗೆ ಪೆಟ್ಟು ತಿಂದ, ಇವತ್ತಿಗೂ ತಲೆ ಭಾರ ಅನ್ನುತ್ತಾನೆ, ಆದರೂ ಭಾನುವಾರದ ಪಂದ್ಯ ಬಿಡಲ್ಲ ಅಂತ ಹಟ ಹಿಡಿದಿದ್ದಾನೆ, ಏನು ಮಾಡಲಿ ಮಾವ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಮಾತಿನಲ್ಲೇ ಹೇಳುತ್ತೇನೆ. ಅಕ್ಕನೂ ಕೇಳಿಸಿಕೊಳ್ಳಲಿ. ಪೆಟ್ಟು ಬಿದ್ದ ತಲೆ ಹೊತ್ತು ರಿಂಗಿಗೆ ಹತ್ತಬಾರದು. ಅಷ್ಟೇ.

ಒಂಬತ್ತಕ್ಕೆ ಒಂಬತ್ತು ಗೆದ್ದಿದ್ದೇನೆ, ಮಾರ್ಸಿಯಾನೊ ತರ ಒಂದೂ ಸೋಲದೆ ಮುಗಿಸುತ್ತೇನೆ ಅನ್ನುತ್ತಾನಂತೆ. ಆ ಕಥೆ ಅವನ ತಲೆಗೆ ತುಂಬಿದವನು ನಾನೇ ಅಲ್ವಾ. ರಾಕಿ ಮಾರ್ಸಿಯಾನೊ, ಅಮೆರಿಕದ ಬ್ರಾಕ್ಟನ್ ಊರಿನ ಬಾಕ್ಸರ್, ಅಪ್ಪ ಶೂ ಫ್ಯಾಕ್ಟರಿಯಲ್ಲಿ ಕೂಲಿ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್, ಅಂದರೆ ಎದುರಾಳಿ ಮುಂದೆ ಆಡಲಾಗದ ಹಾಗೆ ಹೊಡೆದು ಗೆದ್ದದ್ದು. ಇಷ್ಟನ್ನು ಹೇಳಿ ನಿಲ್ಲಿಸಿಬಿಟ್ಟೆ. ಉಳಿದದ್ದನ್ನೂ ಅವನು ಕೇಳಲಿ. 1949ರ ಡಿಸೆಂಬರ್‌ನಲ್ಲಿ ಅದೇ ಮಾರ್ಸಿಯಾನೊ ಕೈಯಲ್ಲಿ ಹೊಡೆತ ತಿಂದ ಕಾರ್ಮೈನ್ ವಿಂಗೊ ಅನ್ನುವ ಎಳೆ ಹುಡುಗ ಕೋಮಾಕ್ಕೆ ಹೋದ. ಬದುಕಿದ, ಆದರೆ ಮತ್ತೆ ಗ್ಲೌಸ್ ಹಾಕಲಿಲ್ಲ. ಅವನ ಆಸ್ಪತ್ರೆ ಖರ್ಚಿಗೆ ಮಾರ್ಸಿಯಾನೊ ದುಡ್ಡು ಕೊಟ್ಟ. ತನ್ನ ಕೊನೆಯ ಪಂದ್ಯದಲ್ಲಿ, 1955ರಲ್ಲಿ, ಆರ್ಚಿ ಮೂರ್ ಹೊಡೆತಕ್ಕೆ ಎರಡನೇ ರೌಂಡಿನಲ್ಲೇ ಬಿದ್ದು ಎದ್ದು ಗೆದ್ದ. ಮುಂದಿನ ಏಪ್ರಿಲ್‌ನಲ್ಲಿ, ಬರೀ 32 ವಯಸ್ಸಿಗೆ, ಸಾಕು ಅಂದ. ಐವತ್ತಕ್ಕೆ ಒಂದೇ ಬಾಕಿ, ಆದರೂ ಬಿಟ್ಟ. ಚಿನ್ನು ನೋಡಬೇಕಾದ್ದು ಅದನ್ನು. ಆಮೇಲೆ ಬಂದ ಲ್ಯಾರಿ ಹೋಮ್ಸ್ ಅನ್ನುವ ಬಾಕ್ಸರ್ ಒಂದೂ ಸೋಲದೆ 48 ಗೆದ್ದು ಆ 49ನ್ನು ಮುಟ್ಟಲು ಹೋಗಿ 1985ರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಸೋತ. ಮೇವೆದರ್ ಅನ್ನುವ ಬಾಕ್ಸರ್ ಒಂದೂ ಸೋಲದೆ 50 ಮಾಡಿದ ಅಂತಾನೆ ಚಿನ್ನು. ಮಾಡಿದ, ನಿಜ. ಆದರೆ ಅವನ ವಿದ್ಯೆಯೇ ಹೊಡೆಸಿಕೊಳ್ಳದೆ ಇರುವುದು.

ಈಗ ನನ್ನದು ಕೇಳು. ಅಕ್ಕನಿಗೂ ಪೂರ್ತಿ ಗೊತ್ತಿಲ್ಲ ಇದು.

1979. ನಾನು ಮಿಲಿಟರಿಯಲ್ಲಿ. ಹನ್ನೊಂದು ಆಡಿದ್ದೆ, ಹನ್ನೊಂದೂ ಗೆದ್ದಿದ್ದೆ. ಆಗ ಪಂದ್ಯದಲ್ಲಿ ತಲೆಗೆ ಹಾಕುವ ಮೆತ್ತನೆ ಕವಚ, ಅದೇ ಹೆಡ್‌ಗಾರ್ಡ್ ಇರಲಿಲ್ಲ. ಪ್ರಾಕ್ಟೀಸ್‌ನಲ್ಲಿ ಒಬ್ಬ ಎಡಗೈ ಹುಕ್ ಹಾಕಿದ, ಕಪಾಲಕ್ಕೆ ಬಿತ್ತು. ಬೀಳಲಿಲ್ಲ ನಾನು. ಆದರೆ ಆವತ್ತಿನಿಂದ ತಲೆಯೊಳಗೆ ಅಕ್ಕಿ ಗಿರಣಿ ಓಡಿದ ಹಾಗೆ. ಬೆಳಕು ಕಂಡರೆ ಆಗದು. ಅನ್ನ ಸೇರದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಆಡಿಸಲ್ಲ, ಹೆದರಿದ ಅಂತಾರೆ, ಅದೇ ಯೋಚನೆ. ಮೂರನೇ ದಿನ ಹತ್ತಿಬಿಟ್ಟೆ.

ಗೆದ್ದೆ ಕಣೇ. ಪಾಯಿಂಟ್ ಮೇಲೆ ಗೆದ್ದೆ. ರೆಫರಿ ನನ್ನ ಕೈ ಎತ್ತಿ ಹಿಡಿದ ಫೋಟೋ ಇದೆಯಲ್ಲ, ನಡುಮನೆಯಲ್ಲಿ ಹಾಕಿದ್ದರಲ್ಲ, ಅದೇ ಪಂದ್ಯ. ಆ ಕ್ಷಣ ನನಗೆ ಇವತ್ತಿಗೂ ನೆನಪಿಲ್ಲ. ಎರಡನೇ ರೌಂಡಿನ ಗಂಟೆ ಹೊಡೆದದ್ದು ಗೊತ್ತು. ಆಮೇಲೆ ಗೊತ್ತಿರುವುದು ಆಸ್ಪತ್ರೆಯ ಸೀಲಿಂಗ್ ಫ್ಯಾನ್. ಎರಡು ತಿಂಗಳು ಲೋಟ ಅನ್ನುವ ಮಾತು ಸಹ ನಾಲಿಗೆಗೆ ಬರುತ್ತಿರಲಿಲ್ಲ, ಬೆರಳು ಮಾಡಿ ತೋರಿಸುತ್ತಿದ್ದೆ. ಮತ್ತೆ ರಿಂಗಿಗೆ ಹೋಗಲಿಲ್ಲ. ಹನ್ನೆರಡಕ್ಕೆ ಹನ್ನೆರಡು. ಲೆಕ್ಕದಲ್ಲಿ ನಾನೂ ಸೋಲದವನೇ.

ಮತ್ತೆ ಹೇಳುತ್ತೇನೆ, ಪೆಟ್ಟು ಬಿದ್ದ ತಲೆ ಹೊತ್ತು ರಿಂಗಿಗೆ ಹತ್ತಬಾರದು. ಮೊದಲ ಪೆಟ್ಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳಬಹುದು. ಆ ಎರಡನೆಯದು ಸಣ್ಣದಾದರೂ ಜೀವಕ್ಕೇ ಅಪಾಯ.

ಆ ಪೆಟ್ಟಿಗೆ ನನ್ನ ಮೂಗು ಹೋಯಿತು. ನೆಗಡಿ ಅಲ್ಲ, ವಾಸನೆಯೇ ಹೋಯಿತು. ಅಮ್ಮ ಹಾಕುತ್ತಿದ್ದ ಇಂಗಿನ ಒಗ್ಗರಣೆ, ಮೊದಲ ಮಳೆಗೆ ನೆಂದ ಮಣ್ಣು, ಮಗಳು ಹುಟ್ಟಿದಾಗ ಅವಳ ನೆತ್ತಿ, ಯಾವುದೂ ಇಲ್ಲ. ನಿಮ್ಮ ಹೊಸ ಮನೆ ಗೃಹಪ್ರವೇಶದ ದಿನ ನಾನು ಒಲೆ ಹತ್ತಿರವೇ ನಿಂತಿದ್ದೆ, ಪಾಯಸ ತಳ ಹತ್ತಿತು, ನನಗೆ ಗೊತ್ತಾಗಲಿಲ್ಲ. ಎಲ್ಲರೂ ನಕ್ಕಿರಿ. ಮಾವನಿಗೆ ಅಡುಗೆಮನೆ ಕೊಟ್ಟರೆ ಅಷ್ಟೇ ಅಂದಿರಿ. ಯಾಕೆ ಗೊತ್ತಾಗಲಿಲ್ಲ ಅಂತ ಒಬ್ಬರಾದರೂ ಕೇಳಿದಿರಾ? ಹಳೇ ಮನೆ ಪಾಲಾದಾಗ ನನ್ನ ಟ್ರಂಕನ್ನು ಮೆಡಲ್ ಸಮೇತ ಗುಜರಿಗೆ ಹಾಕಿದರು. ಹಿತ್ತಾಳೆ ತೂಕಕ್ಕೆ ಹೋಯಿತು. ನಾನು ರಜೆಗೆ ಬಂದಾಗ ಗೋಡೆ ಮೇಲೆ ಫೋಟೋ ಮಾತ್ರ ಇತ್ತು. ನಲವತ್ತು ವರ್ಷದ ಮೇಲಾಯಿತು, ಇವತ್ತಿಗೂ ನೋಯುತ್ತದೆ. ಹೋಗಲಿ, ಈಗ ಯಾಕೆ ಅದು.

ಹಾಂ, ನೀನು ಕೇಳಿದ್ದು ಮರೆತೆ ನೋಡು. ಚಿನ್ನು ಹೆಡ್‌ಗಾರ್ಡ್ ಹಾಕಿದ್ದನಲ್ಲ ಅಂತ ಅಳಿಯಂದಿರು ಬರೆದಿದ್ದಾರೆ. ಹೆಡ್‌ಗಾರ್ಡ್ ಹುಬ್ಬು ಸೀಳದ ಹಾಗೆ ಕಾಯುತ್ತದೆ. ಒಳಗೆ ಮಿದುಳು ಅಲುಗುವುದನ್ನು ಅದು ತಡೆಯಲ್ಲ ಅಂತ ಅವರಿಗೆ ಹೇಳು. ಇವತ್ತೇ ನ್ಯೂರೋ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ವಾಂತಿ, ತಲೆನೋವು ಜಾಸ್ತಿ ಆಗುವುದು, ಮಾತು ತೊದಲುವುದು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಇದರಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡ, ಸೀದಾ ಎಮರ್ಜೆನ್ಸಿಗೆ. ಬೈಕ್ ಕೀ ಎತ್ತಿಡು. ಫೋನ್ ನೋಡುವುದು ಕಡಿಮೆ ಮಾಡಿಸು. ತಲೆಗೆ ಬಿದ್ದು ನಾಕೌಟ್ ಆದ ಹುಡುಗನಿಗೆ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಕಡಿಮೆ ಅಂದರೂ 30 ದಿನ ರೆಸ್ಟ್ ಅಂತ ರೂಲೇ ಇತ್ತು. ಇವನು ನಾಕೌಟ್ ಆಗಿಲ್ಲ, ಸರಿ. ಆದರೂ ಡಾಕ್ಟರ್ ಬರೆದುಕೊಡುವ ತನಕ ಗ್ಲೌಸ್ ಮುಟ್ಟುವ ಹಾಗಿಲ್ಲ.

ಅವನ ಕೋಚ್ ನಂಬರ್ ನನಗೆ ಕಳಿಸು, ನಾನೇ ಮಾತಾಡುತ್ತೇನೆ. ಶನಿವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ಬರುವಾಗ ಆ ಫೋಟೋ ತರುತ್ತೇನೆ, ಚಿನ್ನು ಜೊತೆ ಕೂತು ನೋಡಬೇಕು.