ಪದಚರ್ಚೆ: ಹಡಗಿನ ಬಿಲ್ಲಿನ ‘ಗ್ರಾಚ್ಯುಟಿ’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಪ್ಪ ದೊಡ್ಡಮ್ಮ ಸೌತಾಂಪ್ಟನ್‌ನಲ್ಲಿ ಹಡಗು ಹತ್ತಿ, ಅಟ್ಲಾಂಟಿಕ್ ದಾಟಿ, ಕೆರಿಬಿಯನ್ ದ್ವೀಪಗಳನ್ನೆಲ್ಲ ಸುತ್ತುವ ಒಂದು ದೊಡ್ಡ ಕ್ರೂಸ್ ಮುಗಿಸಿ ಬಂದಿದ್ದಾರೆ. ದೊಡ್ಡಪ್ಪ ಅದರ ಬಗ್ಗೆ ಬರೆದದ್ದನ್ನು ನಮ್ಮ ಬಡಾವಣೆಯ ಹಿರಿಯರ ಸಂಘದ ಪತ್ರಿಕೆಗೆ ನಾನು ತಿದ್ದಿಕೊಡುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ.

ದಿನಕ್ಕೆ ತಲೆಗೆ ಇಷ್ಟು ಡಾಲರ್ ಎಂದು ಬಿಲ್ಲಿಗೆ ತಾನಾಗಿಯೇ ಸೇರಿಕೊಳ್ಳುವ ಹಣ ಅದು. ರೂಮು ಗುಡಿಸುವವರು, ಊಟ ಬಡಿಸುವವರು, ನಮ್ಮ ಕಣ್ಣಿಗೇ ಬೀಳದೆ ಕೆಳಗೆಲ್ಲೋ ಬಟ್ಟೆ ಒಗೆಯುವವರು, ಇವರಿಗೆಲ್ಲ ಹಂಚಲಿಕ್ಕೆ. ಬಿಲ್ಲಿನಲ್ಲಿ ಅದರ ಹೆಸರು ‘ಗ್ರಾಚ್ಯುಟಿ’. ದೊಡ್ಡಪ್ಪ ಅದನ್ನೇ ಬರೆದಿದ್ದಾರೆ. ಆದರೆ ನಮ್ಮ ಓದುಗರಲ್ಲಿ ಜಾಸ್ತಿ ಜನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಗ್ರಾಚ್ಯುಟಿ ಅಂದರೆ 1972ರ ಕಾಯ್ದೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಕೆಲಸ ಬಿಡುವಾಗ ಕೈಗೆ ಬಂದ ಇಡಿಗಂಟು. ‘ಹಡಗಿನಲ್ಲಿ ದಿನಾ ಗ್ರಾಚ್ಯುಟಿ ಕೊಟ್ಟೆವು’ ಎಂದು ಓದಿದರೆ ತಲೆಬುಡ ತಿಳಿಯುವುದಿಲ್ಲ.

‘ಟಿಪ್ಸ್’ ಅಂದರೆ ಸಾಲದೇ ಅಂತ ಕೇಳಬಹುದು. ತೊಡಕು ಇರುವುದೇ ಅಲ್ಲಿ. ದೊಡ್ಡಪ್ಪನವರ ಮೇಜಿಗೆ ಎಂಟು ಜನ. ದಿನಾ ರಾತ್ರಿ ಅದೇ ಎಂಟು ಮುಖ: ಇವರಿಬ್ಬರು, ಅಮೆರಿಕದ ಗಂಡ ಹೆಂಡತಿ, ಆಸ್ಟ್ರೇಲಿಯಾದ ಗಂಡ ಹೆಂಡತಿ, ಜರ್ಮನಿಯ ಅಕ್ಕ ತಂಗಿ. ಮೊಮ್ಮಕ್ಕಳ ಫೋಟೋ ತೋರಿಸಿಕೊಂಡು ಚೆನ್ನಾಗಿಯೇ ಇದ್ದವರು ಈ ಹಣದ ವಿಷಯಕ್ಕೆ ಮುನಿಸಿಕೊಂಡರಂತೆ. ಆಸ್ಟ್ರೇಲಿಯಾದವರು ಕೌಂಟರಿಗೆ ಹೋಗಿ ಅದನ್ನು ಬಿಲ್ಲಿನಿಂದ ತೆಗೆಸಿ ಬಂದರು. ಕೇಳಿದರೆ ತೆಗೆಯುತ್ತಾರೆ. ‘ಸಂಬಳ ಕೊಡೋದು ಕಂಪನಿಯ ಕೆಲಸ, ನಮ್ಮದಲ್ಲ’ ಎಂದು ಊಟಕ್ಕೆ ಕೂತಾಗ ಹೇಳಿದರು. ಅಮೆರಿಕದಾಕೆ ಚಮಚ ಕೆಳಗಿಟ್ಟು, ‘ಹಾಗಾದರೆ ಈ ಹುಡುಗನ ಜೇಬಿಗೆ ನೀವು ಕೈ ಹಾಕಿದ ಹಾಗಾಯ್ತು’ ಅಂದರಂತೆ. ಬಡಿಸುವ ಹುಡುಗ ಬ್ರೆಡ್ಡಿನ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದ.

ಇಬ್ಬರೂ ತಮ್ಮ ತಮ್ಮ ಊರಿನ ನ್ಯಾಯವನ್ನೇ ಹೇಳಿದ್ದಾರೆ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಅಮೆರಿಕದ ಕೇಂದ್ರ ಕಾನೂನಿಗೆ ಸಾಕು. 1991ರಿಂದ ಆ ದರ ಏರಿಲ್ಲ. ಮಿಕ್ಕಿದ್ದು ಗಿರಾಕಿಯಿಂದ ಬರುತ್ತದೆ ಎಂಬ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಇಂಥ ಕಡಿತ ಇಲ್ಲ, ಸಪ್ಲಯರ್‌ಗೂ ಪೂರ್ತಿ ಕೂಲಿ ಸಿಗುತ್ತದೆ. ಹಾಗಾಗಿ ಒಬ್ಬರಿಗೆ ಅದು ಸಂಬಳದ ಭಾಗ, ಇನ್ನೊಬ್ಬರಿಗೆ ಬೇಕಿದ್ದರೆ ಕೊಡುವ ಮೆಚ್ಚುಗೆ. ಹಡಗಿನ ಹುಡುಗರಿಗೆ ಈ ಎರಡು ದೇಶದ ಕೂಲಿ ಕಾನೂನೂ ತಾಗುವುದಿಲ್ಲ ಅನ್ನೋದು ಬೇರೆ ಮಾತು. ಅವರಲ್ಲಿ ತುಂಬ ಜನ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರು. ಹಡಗುಗಳ ನೋಂದಣಿ ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ. ಈ ಜಗಳವೇ ಬೇಡ ಅಂತ ಕೆಲವು ಕಂಪನಿಗಳು ಇದನ್ನು ಟಿಕೆಟ್ ದರದಲ್ಲೇ ಸೇರಿಸಿಬಿಟ್ಟಿವೆ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ಹಾಗೆ ಮಾಡಿತು.

ಜರ್ಮನಿಯ ಅಕ್ಕ ತಂಗಿಗೆ ಇದು ‘ಟ್ರಿಂಕ್‌ಗೆಲ್ಟ್’, ಅಂದರೆ ಕುಡಿಯೋಕೆ ಕೊಡುವ ದುಡ್ಡು. ನಮ್ಮಲ್ಲೂ ‘ಕಾಫಿಗೆ ಇಟ್ಕೋ’ ಅಂತೀವಲ್ವಾ? ದೊಡ್ಡಮ್ಮ ಮಾಡಿದ್ದೂ ಅದನ್ನೇ. ಬಿಲ್ಲಿನಲ್ಲಿ ಹಣ ಹೋಗಿದ್ದರೂ, ಇಳಿಯುವ ದಿನ ರೂಮಿನ ಹುಡುಗನನ್ನು ಕರೆದು, ನೋಟು ಮಡಚಿ ಅವನ ಅಂಗೈಗೆ ಒತ್ತಿ ಬಂದಿದ್ದಾರೆ. ಮುಖ ನೋಡಿ ಕೊಡದಿದ್ದರೆ ಅವರ ಲೆಕ್ಕದಲ್ಲಿ ಅದು ಕೊಟ್ಟಂತೆಯೇ ಅಲ್ಲ. ‘ಟಿಪ್ಸ್’ ಅನ್ನುವ ಪದ ನನಗೆ ಇದಕ್ಕೆ ಬೇಕು. ಬಿಲ್ಲಿನದಕ್ಕೆ ಬೇರೆ ಬೇಕು.

‘ಭಕ್ಷೀಸು’, ‘ಇನಾಮು’ ಎರಡೂ ಆಗುವುದಿಲ್ಲ. ಅವು ದೊಡ್ಡವರು ಖುಷಿಯಾಗಿ ಚಿಕ್ಕವರಿಗೆ ಎಸೆಯುವ ದುಡ್ಡು. ದುಡಿದವನ ಪಾಲಿಗೆ ಆ ಹೆಸರಿಡಲು ಮನಸ್ಸು ಒಪ್ಪುವುದಿಲ್ಲ. ‘ಮಾಮೂಲು’ ಅಂದರೆ ಲಂಚದ ವಾಸನೆ. ‘ಸೇವಾ ಶುಲ್ಕ’ ಸರಿಹೋಗುತ್ತಿತ್ತೇನೋ. ಆದರೆ ಹೋಟೆಲಿನವರು ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಎಂದು ನಮ್ಮ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಈಗ ಆ ಪದ ಕಂಡರೆ ‘ಮೊದಲು ತೆಗೆಸು’ ಅನ್ನಿಸುತ್ತದೆ. ಓದುಗರು ಜಗಳಕ್ಕೆ ಮುಂಚೆಯೇ ಆಸ್ಟ್ರೇಲಿಯಾದವರ ಕಡೆ ವಾಲಿಬಿಡುತ್ತಾರೆ. ಅದು ಆ ಹುಡುಗನಿಗೆ ನ್ಯಾಯ ಅಲ್ಲ.

ಸದ್ಯಕ್ಕೆ ‘ಸಿಬ್ಬಂದಿ ಪಾಲು’ ಎಂದು ಹಾಕಿದ್ದೇನೆ. ಯಾರ ಹಣ ಅನ್ನುವುದು ಅದರಲ್ಲಿ ನೇರವಾಗಿ ಇದೆ. ‘ದಿನಕ್ಕೆ ಇಷ್ಟು ಸಿಬ್ಬಂದಿ ಪಾಲು ಸೇರುತ್ತದೆ’ ಎಂದರೆ ಕಿವಿಗೆ ಹೇಗಿದೆ? ಕಂಪನಿಯ ಲಾಭದ ಪಾಲು ಅಂತ ಯಾರಾದರೂ ತಿಳಿದಾರೋ?

ಮಂಗಳೂರು, ಕಾರವಾರದ ಕಡೆಯವರು ದಯವಿಟ್ಟು ಹೇಳಬೇಕು. ಕೊಂಕಣಿಯಲ್ಲಿ ಹಡಗಿನ ಕೆಲಸದವರನ್ನು ‘ತಾರ್ವಟಿ’ ಅಂತಾರೆ. ಅಂಥವರು ಇರುವ ಮನೆಗಳಲ್ಲಿ ಸಂಬಳ ಬೇರೆ, ಈ ಹಣ ಬೇರೆ ಎಂದು ಲೆಕ್ಕ ಇಡುತ್ತಾರಾ? ಇಟ್ಟರೆ ಏನಂತ ಕರೆಯುತ್ತಾರೆ? ಪುಟ ಶನಿವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಉಪಕಾರ.