ಮಳೆಗಾಲದ ಪಿಟಿ ಪಿರಿಯಡ್‌ನಲ್ಲಿ ವಿಡಿಯೋ ಗೇಮ್: ಮಕ್ಕಳ ಬ್ಯಾಲೆನ್ಸ್ ನಿಜವಾಗಿ ಸುಧಾರಿಸುತ್ತಾ?

ಪ್ರಶ್ನೆ: ರೋಣದ ಪಿಟಿ ಮಾಸ್ತರ್

ಎಲ್ಲರಿಗೂ ನಮಸ್ಕಾರ. ನಾನು ರೋಣ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮ ಕಡೆ ನೆಲ ಎಲ್ಲ ಎರಿ, ಅಂದರೆ ಜಿಗುಟು ಕಪ್ಪು ಮಣ್ಣು. ಒಂದು ಮಳೆ ಬಿದ್ದರೆ ನಾಲ್ಕು ದಿನ ಮೈದಾನಕ್ಕೆ ಕಾಲಿಡುವ ಹಾಗಿಲ್ಲ. ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿಗೆ ಕಿಲೋ ಮಣ್ಣು ಮೆತ್ತಿರುತ್ತದೆ. ಅಂಥ ದಿನ ನನ್ನ ಪಿರಿಯಡ್ ಯಾರ ಪಾಲಾಗುತ್ತದೆ ಅಂತ ಬೇರೆ ಪಿಟಿ ಮಾಸ್ತರುಗಳಿಗೆ ಹೇಳಬೇಕಾಗಿಲ್ಲ. ಗಣಿತದ ಮಾಸ್ತರು ಚಾಕ್‌ಪೀಸ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ.

ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ಊರಿಗೆ ಬಂದಾಗ ಒಂದು ಡಬ್ಬಿ ಕೊಟ್ಟು ಹೋದ. ಒಳಗೆ ನಿಂಟೆಂಡೋ ವೀ ಅನ್ನುವ ವಿಡಿಯೋ ಗೇಮ್ ಯಂತ್ರ, ಅದರ ಬ್ಯಾಲೆನ್ಸ್ ಬೋರ್ಡ್, ವೀ ಫಿಟ್ ಆಟದ ಡಿಸ್ಕ್. ಅವನ ಮಕ್ಕಳು ಆಡಿ ಬಿಟ್ಟಿದ್ದು. ಬೋರ್ಡ್ ಅಂದರೆ ಊಟಕ್ಕೆ ಕೂರುವ ಮಣೆಯಂಥದ್ದು, ಎರಡು ಇಂಚು ಎತ್ತರ. ನಾಲ್ಕು ಮೂಲೆಗೆ ನಾಲ್ಕು ಸೆನ್ಸರ್. ಮೇಲೆ ನಿಂತವರ ತೂಕ ಯಾವ ಕಡೆ ವಾಲುತ್ತಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಪರದೆಯ ಮೇಲೆ ಹಲಗೆ ವಾಲಿಸಿ ಗೋಲಿಯನ್ನು ತೂತಿಗೆ ಬೀಳಿಸುವುದು, ಬಾವುಟಗಳ ನಡುವೆ ಹಿಮದಲ್ಲಿ ಜಾರುವುದು, ಇಂಥ ಆಟಗಳು.

ಮೊದಲನೇ ದಿನವೇ ಎಡವಟ್ಟು ಮಾಡಿಕೊಂಡೆ. ಅಡಾಪ್ಟರ್ ಮೇಲೆ ಏನು ಬರೆದಿದೆ ಅಂತ ನೋಡದೆ ಸೀದಾ ಗೋಡೆಗೆ ಚುಚ್ಚಿದೆ. ಟಪ್ ಅಂತು, ಸುಟ್ಟ ವಾಸನೆ ಬಂತು. ಅದು 120 ವೋಲ್ಟಿಂದು, ನಮ್ಮದು 230. ಹುಬ್ಬಳ್ಳಿಗೆ ಹೋಗಿ ಕೊಪ್ಪೀಕರ್ ರಸ್ತೆಯಲ್ಲಿ ಎರಡು ತಾಸು ಅಲೆದು, 12 ವೋಲ್ಟ್ 3.7 ಆಂಪಿಯರ್‌ಗೆ ಸಮ ಇರುವ ಇನ್ನೊಂದು ಹುಡುಕಿ, ಹಳೇ ಪಿನ್ನು ಕತ್ತರಿಸಿ ಅದಕ್ಕೆ ಬೆಸೆಸಿಕೊಂಡು ಬಂದೆ. ಹೆಡ್‌ಮಾಸ್ತರಿಗೆ ಇನ್ನೂ ಹೇಳಿಲ್ಲ.

ಈಗ ಮೂರು ವಾರದಿಂದ ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್‌ಗೆ ಹಚ್ಚಿ ಒಂಬತ್ತನೇ ಕ್ಲಾಸಿಗೆ ಆಡಿಸುತ್ತಿದ್ದೇನೆ. 46 ಮಕ್ಕಳು, 40 ನಿಮಿಷ, ಒಂದೇ ಬೋರ್ಡು. ಒಬ್ಬ ಆಡುತ್ತಾನೆ, 45 ಜನ ಸಿನಿಮಾ ನೋಡುತ್ತಾರೆ.

ಒಂದು ವಿಷಯ ಮಾತ್ರ ತಲೆ ತಿನ್ನುತ್ತಿದೆ. ನಮ್ಮ ಕಬಡ್ಡಿ ಕ್ಯಾಪ್ಟನ್, ನಾಲ್ಕು ಜನ ಹಿಡಿದರೂ ಗೆರೆ ಮುಟ್ಟಿ ಬರುವ ಹುಡುಗ, ಗೋಲಿ ಆಟದಲ್ಲಿ ಮೊದಲನೇ ತೂತೂ ದಾಟಲಿಲ್ಲ. ದಡಕ್ಕನೆ ವಾಲುತ್ತಾನೆ, ಗೋಲಿ ಅಂಚಿನಿಂದ ಹಾರಿ ಹೋಗುತ್ತದೆ. ಎಲ್ಲರೂ ನಕ್ಕರು. ಆಮೇಲೆ ಬಂದವನು ಪಿಟಿ ಅಂದರೆ ಹೊಟ್ಟೆನೋವು ಅನ್ನುವ ಕನ್ನಡಕದ ಹುಡುಗ. ಉಸಿರು ಬಿಗಿ ಹಿಡಿದು, ಬರೀ ಪಾದದಲ್ಲೇ ಕೂದಲೆಳೆಯಷ್ಟು ಒತ್ತುತ್ತಾ ಒಂದಾದ ಮೇಲೊಂದು ಗೋಲಿ ಬೀಳಿಸಿದ. ಅವತ್ತಿನಿಂದ ಅವನಿಗೆ ಹೊಟ್ಟೆನೋವು ಬಂದಿಲ್ಲ.

ಆದರೆ ಇದು ನಿಜವಾದ ಬ್ಯಾಲೆನ್ಸಾ? ಅನುಮಾನ ಬಂದು ಫ್ಲೆಮಿಂಗೋ ಟೆಸ್ಟ್ ಮಾಡಿಸಿದೆ. ಬಡಿಗೇರ ಹತ್ತಿರ 50 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಕಟ್ಟಿಗೆ ಪಟ್ಟಿ ಕೊಯ್ಯಿಸಿದೆ. ಅದರ ಮೇಲೆ ಒಂಟಿ ಕಾಲಲ್ಲಿ, ಇನ್ನೊಂದು ಕಾಲು ಹಿಂದಕ್ಕೆ ಮಡಚಿ ಕೈಯಲ್ಲಿ ಹಿಡಿದು ಒಂದು ನಿಮಿಷ ನಿಲ್ಲಬೇಕು. ಬಿದ್ದಾಗ ಗಡಿಯಾರ ನಿಲ್ಲಿಸಿ, ಮತ್ತೆ ಹತ್ತಿಸಿ, ಎಷ್ಟು ಸಲ ಬಿದ್ದ ಅಂತ ಎಣಿಸುವುದು. ಕ್ಯಾಪ್ಟನ್ ಮೂರು ಸಲ ಬಿದ್ದ. ಕನ್ನಡಕದವನು ಹದಿನಾಲ್ಕು ಸಲ!

ಇನ್ನೊಂದು ಮಾತು. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ ಈ ಫ್ಲೆಮಿಂಗೋ ಇರುವುದು ಒಂದರಿಂದ ಮೂರನೇ ಕ್ಲಾಸಿನ ಚಿಕ್ಕ ಮಕ್ಕಳಿಗೆ ಮಾತ್ರ. ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ, ಪುಷ್‌ಅಪ್ ಇಂಥವು. ಕೈಕಾಲು ಉದ್ದವಾಗಿ ಸುಮ್ನೆ ನಡೆಯುವಾಗಲೂ ಬೆಂಚಿಗೆ ಎಡವುವ ವಯಸ್ಸಿನಲ್ಲಿ ಬ್ಯಾಲೆನ್ಸ್ ಅಳೆಯುವವರೇ ಇಲ್ಲ, ಇದೆಂಥ ಲೆಕ್ಕ?

ಹೇಳಿ, ಈ ಆಟದಿಂದ ಉಪಯೋಗ ಇದೆಯಾ? ಎಷ್ಟು ಹೊತ್ತು ಆಡಿಸಬೇಕು? ಅಥವಾ ಪಿರಿಯಡ್ ಗಣಿತದವರಿಗೇ ಬಿಟ್ಟುಕೊಡಲಾ?

ಉತ್ತರ 1: ಹುಬ್ಬಳ್ಳಿ ಫಿಸಿಯೋ

ಸರ್, ಬಿಟ್ಟುಕೊಡಬೇಡಿ.

ನಿಮ್ಮ ಇಬ್ಬರು ಹುಡುಗರ ಕಥೆಯಲ್ಲೇ ಅರ್ಧ ಉತ್ತರ ಇದೆ. ಆಯ ತಪ್ಪದಂತೆ ನಮ್ಮನ್ನು ನಿಲ್ಲಿಸುವುದು ಮೂರು ಸೇರಿ. ಕಣ್ಣು, ಒಳಕಿವಿ, ಆಮೇಲೆ ಕೀಲು-ಸ್ನಾಯುಗಳಿಂದ ಮೆದುಳಿಗೆ ಹೋಗುವ ಸುದ್ದಿ. ಬೋರ್ಡಿನ ಮೇಲೆ ಎರಡೂ ಪಾದ ಊರಿರುತ್ತವೆ, ಕಣ್ಣು ಪರದೆಗೆ ನೆಟ್ಟಿರುತ್ತದೆ. ಎಷ್ಟು ವಾಲಿದೆ ಅಂತ ಪರದೆಯೇ ಹೇಳಿಕೊಡುತ್ತದೆ. ಕನ್ನಡಕದ ಹುಡುಗ ಅದನ್ನು ನೋಡಿ ಸಣ್ಣದಾಗಿ ತಿದ್ದಿಕೊಳ್ಳುವುದರಲ್ಲಿ ಜಾಣ. ಒಂಟಿ ಕಾಲಿನ ಪಟ್ಟಿ ಕೇಳುವುದು ಬೇರೆಯದನ್ನು: ಹಿಮ್ಮಡಿಯ ಗಂಟು, ಸೊಂಟ, ಅವುಗಳ ಬಲ. ಹಾಗಾಗಿ ಗೇಮ್ ಸ್ಕೋರನ್ನು ಬ್ಯಾಲೆನ್ಸ್ ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಡಿ.

ಬೋರ್ಡನ್ನು ಆಟಿಕೆ ಅಂತ ತಳ್ಳಿಹಾಕಬೇಡಿ ಕೂಡ. 2010ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಇದೇ ಬೋರ್ಡನ್ನು ಪಾದ ಒತ್ತುವ ಬಲ ಅಳೆಯುವ ಲ್ಯಾಬಿನ ದುಬಾರಿ ಹಲಗೆ, ಫೋರ್ಸ್ ಪ್ಲೇಟ್ ಜೊತೆ ಹೋಲಿಸಿ ನೋಡಿದ್ದರು. ನಿಂತಾಗಿನ ಓಲಾಟ ಅಳೆಯಲು ಪರವಾಗಿಲ್ಲ ಅಂತ ಕಂಡುಬಂತು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಆಟ ಏನನ್ನು ಕಲಿಸುತ್ತದೆ ಅನ್ನುವುದೇ ಪ್ರಶ್ನೆ.

ನಾನು ಓದಿದ ಮಟ್ಟಿಗೆ ಇಂಥ ಆಟಗಳನ್ನು ವಾರಕ್ಕೆ ಎರಡು ಮೂರು ಸಲ, ಹಲವು ವಾರ ಆಡಿಸಿದಾಗ ಬ್ಯಾಲೆನ್ಸ್ ಸುಧಾರಿಸಿದ ಉದಾಹರಣೆಗಳಿವೆ. ಆದರೆ ಅಷ್ಟೇ ಹೊತ್ತು ಸಾದಾ ಬ್ಯಾಲೆನ್ಸ್ ವ್ಯಾಯಾಮ ಮಾಡಿಸಿದ್ದಕ್ಕಿಂತ ಇದು ಮೇಲು ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ಇದರ ದೊಡ್ಡ ಗುಣ ಮಕ್ಕಳು ತಾವಾಗೇ ಓಡಿ ಬರುವುದು. ನಿಮ್ಮ ಹೊಟ್ಟೆನೋವಿನ ಹುಡುಗ ಬಂದನಲ್ಲ, ಹಾಗೆ. ವಾರಕ್ಕೆ ತಲೆಗೆ ಒಂದು ನಿಮಿಷದಿಂದ ಮಾತ್ರ ಏನೂ ಆಗಲ್ಲ.

ಎಡವುವ ವಿಷಯ ಸರಿಯಾಗಿ ಗಮನಿಸಿದ್ದೀರಿ. ಹುಡುಗರು ಸರಸರ ಎತ್ತರ ಆಗುವುದು ಸುಮಾರು 13-14ಕ್ಕೆ, ಹುಡುಗಿಯರು ಅದಕ್ಕಿಂತ ಮೊದಲೇ. ಕೈಕಾಲು ಮೊದಲು ಉದ್ದವಾಗುತ್ತವೆ, ಮುಂಡ ಆಮೇಲೆ. ಮೆದುಳು ಇನ್ನೂ ಹಳೇ ಅಳತೆ ಇಟ್ಟುಕೊಂಡೇ ನಡೆಸುತ್ತಿರುತ್ತದೆ. ಇದು ತಾನಾಗೇ ಸರಿಹೋಗುತ್ತದೆ. ಅದಕ್ಕೇ ಅಳೆಯುವಾಗ ಹುಷಾರು. ಎರಡು ತಿಂಗಳ ಮೇಲೆ ಕಡಿಮೆ ಸಲ ಬಿದ್ದರೆ ಅದು ಆಟದಿಂದಲೋ, ಬೆಳೆದದ್ದರಿಂದಲೋ, ಪಟ್ಟಿ ರೂಢಿಯಾದದ್ದರಿಂದಲೋ? ಎರಡು ಸೆಕ್ಷನ್ ಇದ್ದರೆ ಒಂದಕ್ಕೆ ಆಟ, ಇನ್ನೊಂದಕ್ಕೆ ಎಂದಿನ ಪಿಟಿ ಮಾಡಿಸಿ ಹೋಲಿಸಿ.

ಪಟ್ಟಿಯ ಜೊತೆ ಇನ್ನೊಂದು ಪರೀಕ್ಷೆ ಸೇರಿಸಿ. ನೆಲಕ್ಕೆ ಮೂರು ಟೇಪ್ ಅಂಟಿಸಿ, ಇಂಗ್ಲಿಷಿನ ವೈ ಅಕ್ಷರದ ಹಾಗೆ. ಒಂದು ಕಾಲಲ್ಲಿ ನಡುವೆ ನಿಂತು ಇನ್ನೊಂದು ಕಾಲನ್ನು ಮೂರೂ ಕಡೆ ಎಷ್ಟು ದೂರ ಚಾಚುತ್ತಾರೆ ಅಂತ ಅಳೆಯಿರಿ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರನ್ನು ಹೀಗೇ ಅಳೆದಿದ್ದರು. ಮುಂದಕ್ಕೆ ಚಾಚುವಾಗ ಎಡಗಾಲು ಬಲಗಾಲಿನ ನಡುವೆ 4 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದವರಿಗೆ ಕಾಲಿನ ಗಾಯ ಸುಮಾರು ಎರಡೂವರೆ ಪಟ್ಟು ಜಾಸ್ತಿ ಆಗುವ ಸಾಧ್ಯತೆ ಕಂಡಿತ್ತು. ನಿಮ್ಮ ಕಬಡ್ಡಿ ತಂಡಕ್ಕೆ ಇದನ್ನು ಮೊದಲು ಮಾಡಿಸಿ.

ಉತ್ತರ 2: ಹಾವೇರಿ ಕಡೆಯ ಅಕ್ಕೋರು

ಸರ್, ನಾನು ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು, ಆದರೂ ಓದಿ ಸುಮ್ನಿರಲು ಆಗಲಿಲ್ಲ. ಒಂಟಿ ಕಾಲಲ್ಲಿ ಕುಂಟುತ್ತಾ, ಗೆರೆ ತುಳಿಯದೆ ಬಿಲ್ಲೆ ತಳ್ಳುವ ಕುಂಟೆಬಿಲ್ಲೆಗಿಂತ ಬೇರೆ ಬ್ಯಾಲೆನ್ಸ್ ಆಟ ಬೇಕಾ? ಕರೆಂಟು ಬೇಡ, ಅಡಾಪ್ಟರ್ ಸುಡಲ್ಲ. ಸುಣ್ಣದ ಗೆರೆ, ಒಂದು ಹೆಂಚಿನ ಚೂರು. ವರಾಂಡದಲ್ಲೇ ನಾಲ್ಕು ಅಂಕಣ ಬರೆಯಬಹುದು, ಒಂದೇ ಸಲ ಇಪ್ಪತ್ತು ಮಕ್ಕಳು ಆಡುತ್ತಾರೆ.

ಹೀಗಂದೆ ಅಂತ ನನ್ನದೇ ಸರಿ ಅನ್ನುತ್ತಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಕುಂಟೆಬಿಲ್ಲೆಗೆ ಕರೆದು ನೋಡಿ, ಒಬ್ಬಳೂ ಏಳಲ್ಲ. ಐದನೇ ಕ್ಲಾಸಿನಲ್ಲಿ ಓಣಿ ತುಂಬಾ ಕುಂಟಿದವರೇ. ಈಗ ಹುಡುಗರು ನೋಡುತ್ತಾರೆ, ದುಪಟ್ಟಾ ಸರಿಯುತ್ತದೆ, ಮತ್ತೆ ತಿಂಗಳಿನ ದಿನಗಳ ಹೆದರಿಕೆ ಬೇರೆ. ಹೊಸ ಯಂತ್ರ ಅಂದರೆ ಆ ನಾಚಿಕೆ ಸ್ವಲ್ಪ ಬಿಡುತ್ತದೇನೋ. ಹುಡುಗಿಯರಿಗೆ ಬೇರೆ ಸರದಿ ಇಟ್ಟಿದ್ದೀರಾ?

ಇನ್ನೊಂದು ಕೇಳಬೇಕು. ನನ್ನ ಮೊಮ್ಮಗಳ ಮನೆಯಲ್ಲಿ ಇದೇ ವೀ ಫಿಟ್ ಇತ್ತು. ಶುರುವಿನಲ್ಲೇ ತೂಕ ನೋಡಿ, ಪರದೆ ಮೇಲಿನ ಗೊಂಬೆಯ ಹೊಟ್ಟೆ ಉಬ್ಬಿಸಿ ತೋರಿಸುತ್ತದೆ. ಮಗು ಅತ್ತುಬಿಟ್ಟಿತ್ತು. 2008ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕಾರಣಕ್ಕೆ ಗಲಾಟೆ ಆಗಿ ಕಂಪನಿ ಕ್ಷಮೆ ಕೇಳಿತ್ತು. ನಿಮ್ಮ ಕ್ಲಾಸಿನಲ್ಲಿ ಅದು ಗೋಡೆಯಗಲ ಕಾಣುತ್ತದಲ್ಲ?

ಉತ್ತರ 3: ಹಳೇ ಗೇಮ್ ರಿಪೇರಿ, ಧಾರವಾಡ

ಮಾಸ್ತರೇ, ಪಿನ್ನು ಬೆಸೆದ ಜಾಗಕ್ಕೆ ಬರೀ ಇನ್ಸುಲೇಷನ್ ಟೇಪ್ ಸಾಲದು, ಸ್ಲೀವ್ ಹಾಕಿಸಿ. ಮಕ್ಕಳ ಕಾಲಡಿ ಬರುವ ವೈರು.

ಇನ್ನೆರಡು ಮಾತು. ಬೋರ್ಡನ್ನು ಜಮಖಾನದ ಮೇಲೆ ಇಡಬೇಡಿ, ಗಟ್ಟಿ ನೆಲವೇ ಆಗಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಅದರ ಮೇಲೆ ಯಾರೂ ಜಿಗಿಯಬಾರದು. ಬೇರೆ ಡಿಸ್ಕ್ ತರಿಸುವುದಾದರೆ ಅಮೆರಿಕದ್ದೇ ಬೇಕು. ಯುರೋಪಿನದು ನಿಮ್ಮ ಮಷೀನಿನಲ್ಲಿ ಓಡಲ್ಲ.

ಎಕ್ಸ್‌ಬಾಕ್ಸ್ ಅನ್ನುವ ಇನ್ನೊಂದು ಗೇಮ್ ಯಂತ್ರದ ಕಿನೆಕ್ಟ್ ಸಿಕ್ಕರೆ ನೋಡಿ. ಕ್ಯಾಮೆರಾ ಮೈಯನ್ನೇ ನೋಡುತ್ತದೆ, ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ, ಇಬ್ಬರು ಒಟ್ಟಿಗೆ ಆಡಬಹುದು. ಎದುರಿಗೆ ಎಂಟು ಅಡಿ ಜಾಗ ಬಿಡಿ. 2017ಕ್ಕೇ ತಯಾರಿಕೆ ನಿಲ್ಲಿಸಿದ್ದಾರೆ, ಸೆಕೆಂಡ್ ಹ್ಯಾಂಡ್ ಅಷ್ಟೇ.

ಪ್ರಶ್ನೆ ಕೇಳಿದವರು: ರೋಣದ ಪಿಟಿ ಮಾಸ್ತರ್ (ಆರು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ತಾಲ್ಲೂಕು ಮಟ್ಟದ ಕ್ರೀಡಾಕೂಟದ ಗಡಿಬಿಡಿ.

ಅಕ್ಕೋರೇ, ನೀವು ಕೇಳಿದ್ದು ಆಗಿಹೋಗಿತ್ತು. ಮೊದಲ ವಾರವೇ ಒಬ್ಬ ಹುಡುಗಿಯ ತೂಕ ಗೋಡೆಯ ಮೇಲೆ ಬಂತು. ಹಿಂದಿನ ಬೆಂಚಿನಿಂದ ಒಬ್ಬ ಸಿಳ್ಳೆ ಹಾಕಿದ. ಅವಳು ಎರಡು ಪಿರಿಯಡ್ ಬರಲಿಲ್ಲ. ನಾನು ಪೆದ್ದನ ಹಾಗೆ ಜ್ವರ ಇರಬೇಕು ಅಂದುಕೊಂಡಿದ್ದೆ. ನಿಮ್ಮ ಉತ್ತರ ಓದಿದ ಮೇಲೆ ಹೊಳೆಯಿತು. ಈಗ ತೂಕ ನೋಡುವ ಹೊತ್ತಿಗೆ ಪ್ರೊಜೆಕ್ಟರ್ ಬಾಯಿಗೆ ರಟ್ಟು ಮುಚ್ಚುತ್ತೇನೆ. ಹುಡುಗಿಯರಿಗೆ ಬೇರೆ ದಿನ ಇಟ್ಟಿದ್ದೇನೆ, ಹಿಂದಿ ಅಕ್ಕೋರು ಜೊತೆಗಿರುತ್ತಾರೆ. ಆ ಹುಡುಗಿ ವಾಪಸ್ ಬಂದಳು. ಹಗ್ಗದ ಮೇಲೆ ನಡೆಯುವ ಆಟ ಅವಳಿಗೆ ಇಷ್ಟ.

ಬಡಿಗೇರಿಂದ ಇನ್ನೂ ಏಳು ಪಟ್ಟಿ ಕೊಯ್ಯಿಸಿದೆ, ಕಿಟಕಿ ಚೌಕಟ್ಟಿನ ಉಳಿಕೆ ಸಾಗವಾನಿ. ದುಡ್ಡು ತೆಗೆದುಕೊಳ್ಳಲಿಲ್ಲ, ಅವರ ಮಗಳೂ ಅದೇ ಕ್ಲಾಸಿನಲ್ಲಿದ್ದಾಳೆ. ಈಗ ಹಾಲ್‌ನಲ್ಲಿ ಗುಂಪು ಗುಂಪಾಗಿ ಸುತ್ತುತ್ತಾರೆ. ಒಂದು ಕಡೆ ಪಟ್ಟಿ, ಒಂದು ಕಡೆ ವೈ ಟೇಪು, ಒಂದು ಕಡೆ ಕಣ್ಣು ಮುಚ್ಚಿ ಒಂಟಿ ಕಾಲು. ಅಕ್ಕೋರ ಕುಂಟೆಬಿಲ್ಲೆಯೂ ಇದೆ, ಹುಡುಗಿಯರ ದಿನ ಮಾತ್ರ. ಬೋರ್ಡು ಕೊನೆಯ ಜಾಗ. ಅಲ್ಲಿಗೆ ಹೋಗಬೇಕಾದರೆ ಉಳಿದದ್ದೆಲ್ಲ ಮುಗಿಸಬೇಕು. ಹಂಗಾಗಿ ಯಾರೂ ಮೈಗಳ್ಳತನ ಮಾಡುವುದಿಲ್ಲ!

ಫಿಸಿಯೋ ಅವರೇ, ಬಿ ಸೆಕ್ಷನ್ ಜೊತೆ ಹೋಲಿಕೆ ಅರ್ಧಕ್ಕೇ ನಿಂತಿತು. ಎ ಸೆಕ್ಷನ್‌ನವರು ಆಡುವುದು ನೋಡಿ ಬಿ ಸೆಕ್ಷನ್‌ನವರು ಹೆಡ್‌ಮಾಸ್ತರ ಹತ್ತಿರ ದೂರು ಒಯ್ದರು. ಆಮೇಲೆ ಇಬ್ಬರಿಗೂ ಆಡಿಸಬೇಕಾಯಿತು. ಕನ್ನಡಕದ ಹುಡುಗ ಪಟ್ಟಿಯ ಮೇಲೆ ಹದಿನಾಲ್ಕರಿಂದ ಎಂಟಕ್ಕೆ ಬಂದಿದ್ದಾನೆ. ಆಟದಿಂದ ಅಂತ ನಾನು ಹೇಳಲ್ಲ, ಅವನು ಮನೆಯಲ್ಲಿ ಹಲ್ಲುಜ್ಜುವಾಗಲೂ ಒಂಟಿ ಕಾಲಲ್ಲೇ ನಿಲ್ಲುತ್ತಾನಂತೆ, ಅವರ ತಾಯಿ ಹೇಳಿದರು. ಕ್ಯಾಪ್ಟನ್‌ಗೆ ಇನ್ನೂ ಗೋಲಿ ಬೀಳಿಸಲು ಬರಲ್ಲ. ಆದರೆ ವೈ ಟೇಪಿನಲ್ಲಿ ಅವನ ಎಡಗಾಲು ಬಲಗಾಲಿಗಿಂತ 6 ಸೆಂ.ಮೀ. ಹಿಂದಿತ್ತು. ವಿಚಾರಿಸಿದರೆ ಹೋದ ವರ್ಷ ಆ ಕಾಲು ಉಳುಕಿತ್ತಂತೆ, ಮುಚ್ಚಿಟ್ಟಿದ್ದ. ಈಗ ಅವನಿಗೆ ಆ ಕಾಲಿನದೇ ಕೆಲಸ ಕೊಟ್ಟಿದ್ದೇನೆ, ಮುನಿಸಿಕೊಂಡೇ ಮಾಡುತ್ತಿದ್ದಾನೆ.

ಗಣಿತದ ಮಾಸ್ತರು ಮೊನ್ನೆ ಬಾಗಿಲಲ್ಲಿ ನಿಂತು ನೋಡಿ, ಚಪ್ಪಲಿ ಬಿಟ್ಟು ತಾವೂ ಪಟ್ಟಿ ಹತ್ತಿದರು. ಎಷ್ಟು ಸಲ ಬಿದ್ದರು ಅಂತ ಇಲ್ಲಿ ಬರೆಯಲ್ಲ, ಅವರೂ ಇದನ್ನು ಓದುತ್ತಾರೆ.

ಯಾರ ಅಟ್ಟದ ಮೇಲಾದರೂ ಇನ್ನೊಂದು ಬ್ಯಾಲೆನ್ಸ್ ಬೋರ್ಡ್ ಬಿದ್ದಿದ್ದರೆ ಹೇಳಿ, ಗದಗ ಸ್ಟೇಷನ್ನಿಗೆ ಬಂದು ಒಯ್ಯುತ್ತೇನೆ.

ಉತ್ತರ 4: ಹಳೇ ಗೇಮ್ ರಿಪೇರಿ, ಧಾರವಾಡ

ಒಂದು ವೀಗೆ ಒಂದೇ ಬೋರ್ಡು ಮಾಸ್ತರೇ, ಎರಡನೆಯದು ಒಟ್ಟಿಗೆ ಕೂಡಲ್ಲ. ಆದರೆ ಬೋರ್ಡು ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪಿಗೂ ಕೂಡುತ್ತದೆ. ಬ್ಯಾಟರಿ ಮುಚ್ಚಳದ ಒಳಗಿನ ಕೆಂಪು ಗುಂಡಿ ಒತ್ತಬೇಕು. ಓಲಾಟದ ಗೆರೆ ಬರೆಯುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ, ತೂಕ ತೋರಿಸುವ ಗೊಂಬೆಯ ಕಾಟ ಇಲ್ಲ. ಶನಿವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವು. ಲ್ಯಾಪ್‌ಟಾಪ್ ಹಿಡಿದು ನಾನೇ ರೋಣಕ್ಕೆ ಬರಲಾ?